ಉರಿ ಬರುತ್ತದೆ, ಎಸರು ಮರಳುವುದಿಲ್ಲ

ರಾಮಾಪುರ ಹನೂರು ತಾಲ್ಲೂಕಿನ ಹೋಬಳಿ ಊರು. ಸುತ್ತ ಮುಸುಕಿನ ಜೋಳ, ರಾಗಿ, ನೆಲಗಡಲೆಯ ಹೊಲಗಳು. ಅವುಗಳಾಚೆ ಮಲೆ ಮಹದೇಶ್ವರ ವನ್ಯಧಾಮದ ಕಾಡು. ಊರಿನ ಒಂದು ಸಣ್ಣ ಊಟದ ಹೋಟೆಲಿಗೆ ಹೊಸದಾಗಿ ಪೆಲೆಟ್ ಒಲೆ ಬಂದಿದೆ: ಸ್ಟೀಲಿನ ಮೈ, ಒಳಗೆ ಬೆಂಕಿ ತಡೆಯುವ ಗಾರೆ, ಪಕ್ಕದಲ್ಲಿ ಪೆಲೆಟ್ ಸುರಿಯುವ ಓರೆ ಕೊಳವೆ, ಹಿಂದೆ ಅಡಾಪ್ಟರಿನಿಂದ ಓಡುವ ಪುಟ್ಟ ಬ್ಲೋವರ್. ಹೋಟೆಲು ನಡೆಸುವಾಕೆ ಅರ್ಧ ಆಯಸ್ಸನ್ನು ಸೌದೆ ಒಲೆಯ ಮುಂದೆ ಕಳೆದವಳು. ಒಲೆ ಕೊಡಿಸಿದವನು ಅವಳ ತಮ್ಮನ ಮಗ, ಐಟಿಐ ಓದಿ ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕಿರುವವನು. ಮಾರ್ಗಶಿರದ ಚಳಿಯಲ್ಲಿ ಒಲೆ ಕೈಕೊಟ್ಟಿದೆ ಎಂದು ಅತ್ತೆ ಫೋನು ಮಾಡಿದ್ದಕ್ಕೆ ಅಳಿಯ ರಜೆ ಹಾಕಿ ಬಂದಿದ್ದಾನೆ.

ಅತ್ತೆ: ಬಂದ್ಯಾ? ಕಾಫಿ ಆಮೇಲೆ ಕುಡಿಯೋವಂತೆ, ಮೊದ್ಲು ಈ ಕಡೆ ಬಾ. ಎಸರಿಟ್ಟು ಯಾವ ಕಾಲ ಆಯ್ತು ನೋಡು. ಅಂಚಲ್ಲಿ ಸಣ್ಣ ಸಣ್ಣ ಗುಳ್ಳೆ ಏಳ್ತಾವೆ, ಹಂಗೇ ಅಡಗ್ತಾವೆ. ಮರಳದೇ ಇರೋ ಎಸರಿಗೆ ಹಿಟ್ಟು ಹಾಕಿದ್ರೆ ಗಂಟು ಗಂಟು. ಗಿರಾಕಿ ತಟ್ಟೆ ಮುಂದೆ ಕೂತು ನನ್ನ ಮುಖ ನೋಡ್ತಾನೆ.

ಅಳಿಯ: ಉರಿ ಬರ್ತಾ ಇದೆಯಲ್ಲ ಅತ್ತೆ?

ಅತ್ತೆ: ಉರಿ ಬರ್ತದೆ, ಬಿಸಿ ಬರಕಿಲ್ಲ. ಒಲೆ ಕೊಟ್ಟೋರಿಗೆ ಫೋನ್ ಮಾಡಿದ್ರೆ, ‘ಹೊಸದು ಕಣಮ್ಮ, ಒಂದು ವಾರ ಹಿಂಗೇ ಇರ್ತದೆ’ ಅಂದ್ರು. ವಾರ ಆದ್ಮೇಲೆ ಮಾಡಿದ್ರೆ ಫೋನೇ ಎತ್ತಲಿಲ್ಲ.

ಅಳಿಯ: ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಒಳಗಿನ ಗಾರೆ ಹಸಿ ಇರುತ್ತೆ. ಮೊದಮೊದಲು ಬೆಂಕಿಯ ಕಾವೆಲ್ಲ ಆ ಗಾರೆಯಲ್ಲಿರೋ ನೀರು ಓಡಿಸೋದಕ್ಕೇ ಹೋಗುತ್ತೆ. ಅದಕ್ಕೇ ಶುರುವಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ ಒಣಗಿಸಬೇಕು. ಒಮ್ಮೆಗೇ ಜೋರು ಉರಿ ಕೊಟ್ಟರೆ ಗಾರೆ ಬಿರುಕು ಬಿಡುತ್ತೆ.

ಅತ್ತೆ: ಮಣ್ಣೊಲೆ ಹಾಕಿದ ಹೆಂಗಸರಿಗೆ ಇದನ್ನೇನು ಹೇಳಿಕೊಡ್ತೀಯ? ಹೊಸ ಒಲೆ ಒಣಗೋ ತಂಕ ಎರಡು ಪುಳ್ಳೆ ಇಟ್ಟು ಕಾಯಿಸ್ತಿದ್ದೋ. ಆದ್ರೆ ಒಣಗಿದ ಮೇಲೆ ಅದು ಉರೀತಿತ್ತು. ಇದು ಒಣಗಿದ ಮೇಲೂ ಹಿಂಗೇ ಅದೆ.

ಅಳಿಯ: ಸರಿ, ಒಂದು ಮಾತು ಹೇಳು. ಪೆಲೆಟ್ ಎಷ್ಟು ಖರ್ಚಾಗ್ತಾ ಇದೆ?

ಅತ್ತೆ: ಅದೇ ಸೋಜಿಗ. ಮೂಟೆ ಎರಡು ದಿನ ಬರ್ತದೆ ಅಂದಿದ್ರು. ಮೂರು ದಿನ ಆದ್ರೂ ಅರ್ಧ ಮೂಟೆ ಅಂಗೇ ಅದೆ. ಉಳಿತಾಯ ಅಂತ ಖುಷಿ ಪಡಬೇಕಾ?

ಅಳಿಯ: ಅಲ್ಲೇ ಸಿಕ್ತು ನೋಡು. ಮೇವು ತಿನ್ನದ ಹಸು ಬೇರೆ, ಮೇವು ತಿಂದೂ ಹಾಲು ಕೊಡದ ಹಸು ಬೇರೆ. ಎರಡಕ್ಕೂ ಒಂದೇ ಔಷಧಿ ಹಾಕೋದಿಲ್ಲ, ಅಲ್ವಾ? ನಿನ್ನ ಒಲೆ ತಿಂತಾನೇ ಇಲ್ಲ. ಪೆಲೆಟ್ ಖರ್ಚಾಗಿ ಬಿಸಿ ಬರದೇ ಇದ್ದರೆ ಕಾವು ಎಲ್ಲೋ ಸೋರಿ ಹೋಗ್ತಿದೆ ಅಂತ ಪಾತ್ರೆ ನೋಡಬೇಕಿತ್ತು. ಖರ್ಚೇ ಆಗ್ತಿಲ್ಲ ಅಂದರೆ ಗಾಳಿ ಸಾಲದು.

ಅತ್ತೆ: ಗಾಳಿ ಸಾಲದು ಅಂದ್ರೆ? ಫ್ಯಾನು ಬುರ್ರ್ ಅಂತದಲ್ಲ.

ಅಳಿಯ: ಸದ್ದು ನಂಬಬೇಡ. ಈ ಒಲೆ ಎರಡು ಕಡೆ ಗಾಳಿ ಬೇಡುತ್ತೆ. ತಳದ ಜಾಲರಿಯಿಂದ ಹೋಗೋ ಗಾಳಿ ಪೆಲೆಟನ್ನ ಕಾಯಿಸಿ, ಅರೆಬರೆ ಸುಟ್ಟು, ಅದರಿಂದ ಉರಿಯೋ ಅನಿಲ ಎಬ್ಬಿಸುತ್ತೆ. ಮೇಲಿನ ಸುತ್ತು ತೂತುಗಳಿಂದ ಬರೋ ಗಾಳಿ ಆ ಅನಿಲವನ್ನ ಪೂರ್ತಿ ಉರಿಸುತ್ತೆ. ಕೆಳಗಿನದು ಕಮ್ಮಿಯಾದರೆ ಉರಿ ಸೊರಗುತ್ತೆ, ಮೇಲಿನದು ಕಮ್ಮಿಯಾದರೆ ಹೊಗೆ, ಮಸಿ. ನಿನ್ನ ಪಾತ್ರೆ ತಳ ತೋರಿಸು.

ಅತ್ತೆ: ನೋಡು. ಹೊಗೆ ಇಲ್ಲದ ಒಲೆ ಅಂತ ಹೇಳಿ ತಂದೆ, ತಳ ಸೌದೆ ಒಲೆಗಿಂತ ಕರ್ರಗೆ ಅದೆ.

ಅಳಿಯ ಅತ್ತೆಯ ಕೈಯಿಂದ ಹಳೇ ಪೇಪರಿನ ಒಂದು ಚೂರು ಇಸಿದುಕೊಂಡು ಬ್ಲೋವರಿನ ಬಾಯಿಗೆ ಹಿಡಿದ. ಒಳಕ್ಕೆ ಎಳೆದುಕೊಳ್ಳಬೇಕಾದ ಪೇಪರು ಒಂದು ಗಳಿಗೆ ಅಂಟಿದಂತೆ ಮಾಡಿ ನೆಲಕ್ಕೆ ಬಿತ್ತು. ಬ್ಲೋವರಿನ ಮೈಮೇಲೆ ಅಚ್ಚೊತ್ತಿದ ಬಾಣದ ಗುರುತನ್ನು ಬೆರಳಿನಿಂದ ಒರೆಸಿದ. ಸ್ವಿಚ್ ಆರಿಸಿದ ಮೇಲೆ ರೆಕ್ಕೆಗಳು ನಿಧಾನಕ್ಕೆ ನಿಲ್ಲುವುದನ್ನೇ ಇಬ್ಬರೂ ಬಗ್ಗಿ ನೋಡಿದರು. ಬಾಣ ಒಂದು ಕಡೆ, ರೆಕ್ಕೆ ತಿರುಗುತ್ತಿದ್ದದ್ದು ಇನ್ನೊಂದು ಕಡೆ.

ಅಳಿಯ: ಉಲ್ಟಾ ತಿರುಗ್ತಾ ಇದೆ ಅತ್ತೆ. ಕೆಂಪು ವೈರು ಕಪ್ಪಿಗೆ, ಕಪ್ಪು ಕೆಂಪಿಗೆ ಕೊಟ್ಟಿದ್ದಾರೆ. ಬ್ರಷ್ ಇರೋ ಡೀಸಿ ಮೋಟರಿಗೆ ವೈರು ಅದಲು ಬದಲಾದರೆ ಹಿಂದುಮುಂದಾಗಿ ಸುತ್ತುತ್ತೆ.

ಅತ್ತೆ: ಉಲ್ಟಾ ತಿರುಗಿದ್ರೆ ಗಾಳಿ ಒಳಗಿಂದ ಆಚೆಗೆ ಬರಬೇಕಲ್ವಾ?

ಅಳಿಯ: ಚಾವಣಿ ಫ್ಯಾನಾದರೆ ಹಾಗೇ. ಈ ಉರುಟು ಬ್ಲೋವರ್ ಯಾವ ಕಡೆ ಸುತ್ತಿದರೂ ಗಾಳಿನ ಒಲೆ ಕಡೆಗೇ ತಳ್ಳುತ್ತೆ, ಬಹಳ ಕಮ್ಮಿ ತಳ್ಳುತ್ತೆ ಅಷ್ಟೆ. ಅದಕ್ಕೇ ಯಾರಿಗೂ ಅನುಮಾನ ಬರೋದಿಲ್ಲ. ಸದ್ದೂ ಇದೆ, ಗಾಳಿಯೂ ಇದೆ, ಬಲ ಇಲ್ಲ.

ಅತ್ತೆ: ಹಂಗಾದ್ರೆ ತಪ್ಪು ಕೂಡಿಸಿ ಹೋದೋನದು. ನನ್ನದಲ್ಲ, ಸೌದೆ ಒಲೆ ಅಭ್ಯಾಸದ್ದೂ ಅಲ್ಲ. ಇದನ್ನ ನಿಮ್ಮಪ್ಪನ ಮುಂದೆ ಒಂದು ಸಲ ಹೇಳು. ‘ಅಕ್ಕನಿಗೆ ಹೊಸದು ಹಿಡಿಸಕಿಲ್ಲ’ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾವನೆ.

ಅಳಿಯ: ಹೇಳ್ತೀನಿ. ಆದರೆ ತೀರ್ಪು ಈಗಲೇ ಕೊಡಬೇಡ, ಇನ್ನೂ ನೋಡೋದಿದೆ.

ವೈರು ಬದಲಿಸಿ ಸ್ವಿಚ್ ಹಾಕಿದ ಮೇಲೆ ಪೇಪರಿನ ಚೂರು ಬ್ಲೋವರಿನ ಬಾಯಿಗೆ ಪಟ್ಟನೆ ಅಂಟಿ ನಿಂತಿತು. ಉರಿಯ ಹಳದಿ ಇಳಿದು ಬುಡದಲ್ಲಿ ನೀಲಿ ಕಾಣಿಸಿತು. ಆದರೂ ಎಸರು ಅಂದುಕೊಂಡಷ್ಟು ಬೇಗ ಮರಳಲಿಲ್ಲ. ಜ್ವಾಲೆ ಪಾತ್ರೆಯ ಸುತ್ತ ಹೊರಚಾಚಿ ಮೇಲಕ್ಕೆ ಏಳುತ್ತಿತ್ತು.

ಅಳಿಯ: ಈ ಮೂರು ಇಟ್ಟಿಗೆ ಯಾರು ಇಟ್ಟಿದ್ದು?

ಅತ್ತೆ: ನಾನೇ.

ಅಳಿಯ: ಒಲೆ ಬಾಯಿಗೂ ಪಾತ್ರೆ ತಳಕ್ಕೂ ನಡುವೆ ಒಂದು ಬೆರಳಿನಷ್ಟು ಜಾಗ ಇರಲಿ ಅಂತ ಲೆಕ್ಕ ಹಾಕಿ ಕಬ್ಬಿಣದ ಗೂಟ ಕೊಟ್ಟಿದ್ದಾರೆ. ಅದರ ಮೇಲೆ ನೀನು ಇಟ್ಟಿಗೆ ಏರಿಸಿದ್ದೀಯ. ಬಿಸಿಗಾಳಿ ತಳಕ್ಕೆ ತಾಗೋ ಮುಂಚೆಯೇ ಪಕ್ಕಕ್ಕೆ ಹೋಗ್ತಿದೆ. ಈಗ ಮೇವು ತಿಂತಿದೆ, ಹಾಲು ನೆಲಕ್ಕೆ ಹೋಗ್ತಿದೆ.

ಅತ್ತೆ: ಇಟ್ಟಿಗೆ ತೆಗೀತೀನಿ. ಪಾತ್ರೆ ಇಡ್ತೀನಿ. ಈ ಕೋಲು ಹಿಡ್ಕೊ. ಹಿಟ್ಟು ತೊಳಸು.

ಅಳಿಯ: ನಾನಾ?

ಅತ್ತೆ: ನೀನೇ. ನಲವತ್ತು ಮುದ್ದೆ ಹಿಟ್ಟು ಅದೆ ಅನ್ಕೊ. ಎರಡು ಕೈ ಕೊಟ್ಟು, ಸೊಂಟ ಬಗ್ಗಿಸಿ, ಪಾತ್ರೆ ಅಂಚಿಗೆ ಅದುಮಿ ಅದುಮಿ ತೊಳಸು. ... ಆಯ್ತಾ? ಪಾತ್ರೆ ಎತ್ತ ಹೋಯ್ತು?

ಅಳಿಯ: ಜಾರ್ತಾ ಇದೆ.

ಅತ್ತೆ: ಅದಕ್ಕೇ ಇಟ್ಟಿಗೆ ಇಟ್ಟಿದ್ದು. ನಿಮ್ಮ ಗೂಟ ಟೀ ಕಾಯಿಸೋಕೆ, ಅನ್ನ ಬೇಯಿಸೋಕೆ ಆಯ್ತದೆ. ಮಣ್ಣೊಲೆ ಕುಣಿಯಲ್ಲಿ ಪಾತ್ರೆ ಕಂಕುಳವರೆಗೂ ಇಳಿದು ಕೂರ್ತಿತ್ತು, ಅಲುಗಾಡ್ತಿರಲಿಲ್ಲ. ಕುದಿಯೋ ಹಿಟ್ಟಿನ ಪಾತ್ರೆ ಕಾಲ ಮೇಲೆ ಮಗುಚಿದ್ರೆ ಗೊತ್ತಾಗ್ತದೆ ಒಂದು ಬೆರಳು, ಎರಡು ಬೆರಳಿನ ಲೆಕ್ಕ. ಆ ಒಲೆ ಮಾಡಿದೋರು ಹಿಟ್ಟು ಉಂಡಿಲ್ಲ ಕಣಪ್ಪ; ಉಂಡಿದ್ರೂ ತೊಳಸಿಲ್ಲ.

ಅಳಿಯ: ಈ ಮಾತು ಒಪ್ಪಿದೆ. ಆದರೆ ಇಟ್ಟಿಗೆ ಇದಕ್ಕೆ ಪರಿಹಾರ ಅಲ್ಲ. ಪಾತ್ರೆ ಸೊಂಟಕ್ಕೆ ಸರಿಯಾಗಿ ಒಂದು ಕಬ್ಬಿಣದ ಬಳೆ ಮಾಡಿಸಿ, ಒಲೆ ಮೈಗೆ ಮೂರು ಕಡೆ ವೆಲ್ಡಿಂಗ್ ಮಾಡಿಸೋಣ. ಪಾತ್ರೆಗೂ ಬಳೆಗೂ ನಡುವೆ ಬಿಸಿಗಾಳಿ ಹೋಗೋಷ್ಟು ಸಂದಿ ಬಿಟ್ಟರೆ ಕಾವು ಪಾತ್ರೆ ಮಗ್ಗುಲಿಗೂ ತಾಗುತ್ತೆ. ಪಾತ್ರೆ ನಿಲ್ಲುತ್ತೆ, ಸೌಕರ್ಯಕ್ಕೆ ಸೌಕರ್ಯ, ಉಳಿತಾಯಕ್ಕೆ ಉಳಿತಾಯ.

ಅತ್ತೆ: ವೆಲ್ಡಿಂಗ್ ಅಂಗಡಿ ಇಲ್ಲೇ ಅದೆ. ಇಲ್ಲೇ ಆಗೋ ರಿಪೇರಿಗೆ ನಾನು ಯಾವತ್ತೂ ಬೇಡ ಅಂದಿಲ್ಲ. ಇನ್ನೇನು?

ಅಳಿಯ: ಮೂಟೆ ಎಲ್ಲಿ ಇಟ್ಟಿದ್ದೀಯ?

ಅತ್ತೆ: ಇಲ್ಲೇ, ಪಾತ್ರೆ ತೊಳೆಯೋ ಕಟ್ಟೆ ಪಕ್ಕ. ಕೈಗೆ ಸಿಗಲಿ ಅಂತ.

ಅಳಿಯ: ಒಂದು ಪೆಲೆಟ್ ತಗೊಂಡು ಮುರಿ.

ಅತ್ತೆ: ಮುರಿಯೋದೇನು, ಹಿಚುಕಿದ್ರೆ ಪುಡಿ ಆಯ್ತದೆ.

ಅಳಿಯ: ಒಳ್ಳೆ ಪೆಲೆಟ್ ಟಕ್ಕಂತ ಮುರೀಬೇಕು. ಇದು ನೀರು ಕುಡಿದಿದೆ. ಹೊಟ್ಟು, ಮರದ ಪುಡಿಯನ್ನ ಒಣಗಿಸಿ ಭಾರೀ ಒತ್ತಡದಲ್ಲಿ ಅಚ್ಚಿನಿಂದ ತಳ್ಳಿ ಮಾಡ್ತಾರೆ. ಆ ಕಾವಿಗೆ ಮರದೊಳಗಿನ ಅಂಟೇ ಕರಗಿ ಹಿಡಿದುಕೊಳ್ಳುತ್ತೆ. ತೇವ ತಾಗಿದರೆ ಆ ಹಿಡಿತ ಬಿಡುತ್ತೆ. ತೇವ ನೂರಕ್ಕೆ ಹತ್ತರೊಳಗೆ ಇರಬೇಕು. ಇಪ್ಪತ್ತಾದರೆ ಎರಡು ಕಡೆ ನಷ್ಟ. ಆ ನೀರನ್ನ ಆವಿ ಮಾಡೋಕೆ ಕಾವು ಹೋಗೋದು ಒಂದು. ಅದಕ್ಕಿಂತ ದೊಡ್ಡದು, ತೂಕದಲ್ಲಿ ಪೆಲೆಟ್ ಇರಬೇಕಾದ ಜಾಗದಲ್ಲಿ ನೀರು ಕೂತಿರೋದು. ಜೊತೆಗೆ ಈ ಪುಡಿ ಜಾಲರಿ ತೂತಿಗೆ ಸಿಕ್ಕಿಕೊಂಡು ಗಾಳಿ ಕಟ್ಟುತ್ತೆ.

ಅತ್ತೆ: ಇದು ನನ್ನ ತಪ್ಪೇ ಬುಡು. ಸೌದೆ ನೆನೆದ್ರೆ ಬಿಸಿಲಿಗೆ ಹಾಕ್ತಿದ್ದೆ, ಒಣಗಿ ಮತ್ತೆ ಸೌದೆಯೇ ಆಯ್ತಿತ್ತು. ಇದು ನೆನೆದ್ರೆ ಗೊಬ್ಬರ. ಆದ್ರೆ ನೀನೂ ಒಂದು ನೋಡು. ಹೊಸ ಮೂಟೆ ಬಿಚ್ಚಿದಾಗಲೇ ತಳದಲ್ಲಿ ಸೇರುಗಟ್ಟಲೆ ಪುಡಿ ಇತ್ತು. ಬೂದಿ ತೆಗೆದ್ರೆ ಗಾಜಿನಂಗೆ ಗಟ್ಟಿ ಹೆಂಟೆ. ಅದು ನನ್ನ ಕಟ್ಟೆ ನೀರಿಂದ ಬಂದದ್ದಾ?

ಅಳಿಯ: ತೋರಿಸು. ... ಇಲ್ಲ, ಇದು ಕಿಟ್ಟ. ಭತ್ತದ ಹೊಟ್ಟು ಜಾಸ್ತಿ ಬೆರೆಸಿದ್ದಾರೆ ಅನ್ನಿಸುತ್ತೆ. ಮರದ ಪೆಲೆಟ್ ಆದರೆ ನೂರಕ್ಕೆ ಒಂದೆರಡು ಪಾಲು ಬೂದಿ. ಭತ್ತದ ಹೊಟ್ಟಿನಲ್ಲಿ ಹದಿನೈದು ಇಪ್ಪತ್ತು ಪಾಲು. ಅದರಲ್ಲಿ ಮರಳಿನ ಅಂಶ ಇರುತ್ತೆ. ಬೇರೆ ಕಸದ ಪೊಟ್ಯಾಷ್ ಜೊತೆ ಸೇರಿದರೆ ಕಮ್ಮಿ ಕಾವಿಗೇ ಕರಗಿ ಹಿಂಗೆ ಗಟ್ಟಿಯಾಗುತ್ತೆ. ಗಂಟೆಗೊಮ್ಮೆ ಸರಳಿನಿಂದ ಜಾಲರಿ ಕೆದಕಬೇಕು. ಬೂದಿ ಬಾಗಿಲು ಭದ್ರವಾಗಿ ಮುಚ್ಚಿರಬೇಕು, ಇಲ್ಲದಿದ್ದರೆ ಬ್ಲೋವರ್ ಕೊಟ್ಟ ಗಾಳಿ ಆ ಬಾಗಿಲಲ್ಲೇ ಆಚೆ ಹೋಗುತ್ತೆ.

ಅತ್ತೆ: ಕೆದಕಬೇಕು, ಮುಚ್ಚಬೇಕು, ಒಣಗಿಸಬೇಕು, ಬಾಣ ನೋಡಬೇಕು. ಒಲೆಗೆ ಕೆಲಸ ಮಾಡೋ ಹೆಂಗಸು ಬೇಕೋ, ಹೆಂಗಸಿಗೆ ಕೆಲಸ ಮಾಡೋ ಒಲೆ ಬೇಕೋ?

ಅಳಿಯ: ಸೌದೆ ಒಲೆ ನಿನ್ನಿಂದ ಕೆಲಸ ಮಾಡಿಸ್ತಿರಲಿಲ್ವಾ? ಜಾಲಿ ಕೆಂಡ ನಿಲ್ಲುತ್ತೆ, ನೀಲಗಿರಿ ಭಗ್ಗಂತ ಉರಿದು ಬೂದಿ ಆಗುತ್ತೆ, ಹುಣಸೆ ಕೊರಡು ರಾತ್ರಿಯೆಲ್ಲ ಕಾವು ಹಿಡಿಯುತ್ತೆ ಅಂತ ನಂಗೆ ಹೇಳಿಕೊಟ್ಟವಳು ನೀನೇ. ಎಷ್ಟು ವರ್ಷ ಬೇಕಾಯ್ತು ಅದನ್ನ ಕಲಿಯೋಕೆ? ಈ ಒಲೆಗೆ ಒಂದು ಹಬ್ಬದಷ್ಟು ದಿನವೂ ಕೊಟ್ಟಿಲ್ಲ.

ಅತ್ತೆ: ಅದನ್ನ ನಮ್ಮವ್ವ ಹೇಳಿಕೊಟ್ಲು, ಅವಳಿಗೆ ಅವರವ್ವ. ಬೀದೀಲಿ ಯಾರನ್ನ ಕೇಳಿದ್ರೂ ಹೇಳೋರು. ಇದನ್ನ ಕೇಳೋಕೆ ನಾನು ಯಾವೂರಿಗೆ ಹೋಗಲಿ? ಕಲಿಯೋಕೆ ಆಗಲ್ಲ ಅಂತಿಲ್ಲ ನಾನು. ಕಲಿಸೋರು ಹತ್ತಿರ ಇಲ್ಲ ಅಂತೀನಿ.

ಅಳಿಯ: ಲೆಕ್ಕ ಒಂದು ಸಲ ನೋಡು, ಆಮೇಲೆ ಬೇಡ ಅನ್ನು. ಇಪ್ಪತ್ತು ಲೀಟರ್ ನೀರು ಈ ಚಳಿಯಲ್ಲಿ 22 ಡಿಗ್ರಿ ಇದೆ ಅಂತಿಟ್ಟುಕೊ. ಕುದಿಯೋಕೆ 78 ಡಿಗ್ರಿ ಏರಬೇಕು. ಒಟ್ಟು 1,560 ಕಿಲೋ ಕ್ಯಾಲೊರಿ. ಒಳ್ಳೆ ಪೆಲೆಟ್ ಕೆಜಿಗೆ ಸುಮಾರು 4,000 ಕೊಡುತ್ತೆ. ಮೂರರಲ್ಲಿ ಒಂದು ಪಾಲು ಪಾತ್ರೆಗೆ ಸೇರಿದರೂ ಒಂದು ಕೆಜಿ ಇನ್ನೂರು ಗ್ರಾಂ ಸಾಕು. ತೆರೆದ ಸೌದೆ ಒಲೆಯಲ್ಲಿ ಪಾತ್ರೆಗೆ ಸೇರೋದು ನೂರಕ್ಕೆ ಹತ್ತು, ಹದಿನೈದು ಪಾಲು. ಅಲ್ಲಿ ಸುಮಾರು ಮೂರೂವರೆ ಕೆಜಿ ಸೌದೆ ಬೇಕು.

ಅತ್ತೆ: ಲೆಕ್ಕ ಸರಿ ಇರಬೋದು. ಮೂರೂವರೆ ಕೆಜಿ ಸೌದೆ ನಮ್ಮ ಹೊಲದ ಬದುವಿನ ಜಾಲಿ. ಒಂದೂಕಾಲು ಕೆಜಿ ಪೆಲೆಟ್ ದುಡ್ಡು.

ಅಳಿಯ: ಬದುವಿನ ಜಾಲಿ ಎಷ್ಟು ದಿನ ಬರುತ್ತೆ? ಮುಗಿದ ಮೇಲೆ ಸೌದೆ ಎಲ್ಲಿಂದ ಬರ್ತಿತ್ತು ಅಂತ ಇಬ್ಬರಿಗೂ ಗೊತ್ತು. 2013ರಲ್ಲಿ ಕಾಡು ವನ್ಯಧಾಮ ಆಯ್ತು. ಸೌದೆ ಹೊತ್ತು ತರೋ ಹೆಂಗಸರು ಆನೆಗೂ ಹೆದರಬೇಕು, ಗಾರ್ಡಿಗೂ ಹೆದರಬೇಕು. ಅವರ ತಲೆ ಮೇಲಿನ ಹೊರೆ ನಿನ್ನ ಲೆಕ್ಕದಲ್ಲಿ ಯಾವತ್ತೂ ಬರೋದಿಲ್ಲ. ನಿನ್ನ ಕೆಮ್ಮು ಬರೋದಿಲ್ಲ, ಕಣ್ಣೂ ಬರೋದಿಲ್ಲ.

ಅತ್ತೆ: ಹೊಗೆ ವಿಷಯ ನನ್ನ ಮುಂದೆ ದೊಡ್ಡದು ಮಾಡಬೇಡ. ಅದನ್ನ ಉಂಡೋಳು ನಾನು. ಹೊಗೆ ಬೇಕು ಅಂತ ಯಾವ ಹೆಂಗಸೂ ಹೇಳಕಿಲ್ಲ. ಅದಕ್ಕೇ ‘ತಗೊ’ ಅಂದ ತಕ್ಷಣ ದುಡ್ಡು ಎಣಿಸಿದ್ದು. ಗ್ಯಾಸು ಇಟ್ಕೊಂಡಿದ್ದೆ, ಅದೂ ಹೊಗೆ ಇಲ್ಲ. ದೊಡ್ಡ ಸಿಲಿಂಡರ್ ರೇಟು ಇವತ್ತೊಂದು ನಾಳೆಯೊಂದು ಅಂತ ಬಿಟ್ಟೆ.

ಅಳಿಯ: ಹಾಗೇ ತೂಗಿ ನೋಡು. ಒಂದು ಕೆಜಿ ಗ್ಯಾಸಿನ ಕಾವು ಪೆಲೆಟ್ಟಿನಲ್ಲಿ ಬರಬೇಕಾದರೆ ಮೂರು ಕೆಜಿ ಹತ್ತಿರ ಬೇಕು. ಗ್ಯಾಸ್ ಒಲೆಯಲ್ಲಿ ನಷ್ಟ ಕಮ್ಮಿ, ಹಾಗಾಗಿ ಇನ್ನೂ ಸ್ವಲ್ಪ ಮೇಲೆ ಅಂತಲೇ ಇಟ್ಟುಕೊ. ಗ್ಯಾಸಿನ ಕೆಜಿ ರೇಟು ಪೆಲೆಟ್ ರೇಟಿನ ಐದು ಪಟ್ಟು ಇರೋವಾಗ ನಾವು ಗೆದ್ದಂಗೆ, ಮೂರು ಪಟ್ಟಿಗೆ ಇಳಿದಾಗ ಸೋತಂಗೆ. ಪ್ರತಿ ತಿಂಗಳು ಎರಡೂ ರೇಟು ಗೋಡೆ ಮೇಲೆ ಬರೆದಿಡು.

ಅತ್ತೆ: ಗ್ಯಾಸಿನ ರೇಟು ಪೇಪರಲ್ಲಿ ಬರ್ತದೆ. ಪೆಲೆಟ್ ರೇಟು ಯಾರು ಹೇಳ್ತಾರೆ? ಲಾರಿಯೋನು ಹೇಳಿದ್ದೇ ರೇಟು. ಸರಕು ಅವನೇ ಆರಿಸ್ತಾನೆ, ಹೊಟ್ಟು ಬೆರೆಸಿದ್ರೂ ಗೊತ್ತಾಗಕಿಲ್ಲ.

ಅಳಿಯ: ಮುಂದೆ ಬೇಡಿಕೆ ಜಾಸ್ತಿಯಾದಂಗೆ ಇದೆಲ್ಲ ಸರಿಹೋಗುತ್ತೆ ಅತ್ತೆ. 2022ರ ಕೇಂದ್ರ ಬಜೆಟ್ಟಿನಲ್ಲೇ ಹೇಳಿದ್ರು, ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಲ್ಲಿ ನೂರಕ್ಕೆ ಐದರಿಂದ ಏಳು ಪಾಲು ಬಯೋಮಾಸ್ ಪೆಲೆಟ್ ಬೆರೆಸಿ ಸುಡ್ತೀವಿ ಅಂತ.

ಅತ್ತೆ: ಅಂದ್ರೆ ಕರೆಂಟು ಮಾಡೋ ಕಾರ್ಖಾನೆಯೋರೂ ಇದನ್ನೇ ಕೊಳ್ತಾರೆ?

ಅಳಿಯ: ಹೌದು, ಟನ್ನುಗಟ್ಟಲೆ.

ಅತ್ತೆ: ಆಗ ರಾಮಾಪುರದ ಹೋಟೆಲಿನೋಳಿಗೆ ಎರಡು ಮೂಟೆ ತಂದು ಹಾಕೋಕೆ ಯಾವ ಲಾರಿ ಬರ್ತದೆ? ಇದನ್ನ ನೀನು ಒಳ್ಳೆ ಸುದ್ದಿ ಅಂತ ಹೇಳ್ತಿದ್ದೀಯ.

ಅಳಿಯ: ಬೇಡಿಕೆ ಬಂದರೆ ಮಾಡೋರೂ ಜಾಸ್ತಿ ಆಗ್ತಾರೆ ಅಂತ ನನ್ನ ಎಣಿಕೆ. ಆದರೆ ನಿನ್ನ ಭಯ ಸುಳ್ಳು ಅನ್ನೋಕೆ ಆಗೋದಿಲ್ಲ. ಹಿಂದೆ ಒಂದು ಸಲ ಹಾಗೇ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಚ್.ಎಸ್. ಮುಕುಂದ ಅವರ ತಂಡ ಮನೆಗೆ ಅಂತ ಪುಟ್ಟ ಪೆಲೆಟ್ ಒಲೆ ರೂಪಿಸಿತ್ತು. ಚಾರ್ಜ್ ಮಾಡೋ ಬ್ಯಾಟರಿ, ಅದಕ್ಕೊಂದು ಸಣ್ಣ ಫ್ಯಾನ್. ಬಿಪಿ ಕಂಪನಿ 2006ರ ಸುಮಾರಿಗೆ ಅದನ್ನ ‘ಊರ್ಜಾ’ ಅಂತ ಮಾರುಕಟ್ಟೆಗೆ ತಂತು. ನಾಲ್ಕು ಲಕ್ಷದ ಹತ್ತಿರ ಮಾರಾಟ ಆಯ್ತು. ಒಲೆ ಚೆನ್ನಾಗೇ ಉರೀತಿತ್ತು. ಪೆಲೆಟ್ ಮಾಡೋ ಕಚ್ಚಾ ಮಾಲಿನ ಬೆಲೆ ಏರಿತು, ಪೆಲೆಟ್ ಬೆಲೆಯೂ ಏರಿತು, ಮನೆ ಒಲೆಗಳು ಅಟ್ಟ ಸೇರಿದವು. ಆಮೇಲೆ ಆ ವ್ಯಾಪಾರ ಹೋಟೆಲು, ಕಾರ್ಖಾನೆ ಒಲೆಗಳ ಕಡೆಗೆ ತಿರುಗಿತು.

ಅತ್ತೆ: ನೋಡ್ದಾ? ಒಲೆ ಕೆಟ್ಟಿರಲಿಲ್ಲ. ಮೇವು ಬೇರೆಯೋರ ಕೈಲಿತ್ತು.

ಅಳಿಯ: ಹಾಗಂತ ಮೇವು ನಮ್ಮ ಕೈಲಿದ್ದ ಒಲೆ ಉಳೀತಾ? ಅದಕ್ಕೂ ಮುಂಚಿನ ‘ಅಸ್ತ್ರ ಒಲೆ’ ನೆನಪಿದೆಯಾ? ಅದೇ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಹಳ್ಳಿ ತಂತ್ರಜ್ಞಾನಕ್ಕೆ ಅಂತಲೇ ‘ಅಸ್ತ್ರ’ ಕೇಂದ್ರ ಶುರುಮಾಡಿದ್ರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೆಲಸ ನಡೀತು. ಅಲ್ಲಿಂದ ಬಂದದ್ದು ಮೂರು ಪಾತ್ರೆ ಕೂರೋ, ಹೊಗೆ ಕೊಳವೆ ಇರೋ ಒಲೆ. ಅದಕ್ಕೆ ಫ್ಯಾನೂ ಬೇಡ, ಪೆಲೆಟ್ಟೂ ಬೇಡ. ಸೌದೆ ನಿನ್ನದೇ, ಮಣ್ಣು ನಿನ್ನದೇ.

ಅತ್ತೆ: ಆ ತರದ ಒಲೆ ನಮ್ಮ ತವರಲ್ಲೂ ಹಾಕಿದ್ರು. ಸರ್ಕಾರದೋರು ಬಂದು ಕೊಳವೆ ನೆಟ್ಟು ಹೋದ್ರು. ಕೊಳವೇಲಿ ಮಸಿ ಕಟ್ಟಿದ್ರೆ ತೆಗೆಯೋದು ಹೆಂಗೆ ಅಂತ ಹೇಳೋರೇ ಇಲ್ಲ. ಹೊಗೆಯೆಲ್ಲ ಮನೆ ಒಳಕ್ಕೇ ವಾಪಸ್ ಬಂತು. ನಮ್ಮವ್ವ ಒಂದಿನ ಗುದ್ದಲಿ ತಗೊಂಡು ಒಡೆದ್ಲು.

ಅಳಿಯ: ದೇಶದಲ್ಲೆಲ್ಲ ಅದೇ ಕತೆ. 1983ರಲ್ಲಿ ಶುರುವಾದ ಸುಧಾರಿತ ಒಲೆ ಯೋಜನೆಯಲ್ಲಿ ಮೂರು ಕೋಟಿಗೂ ಮೇಲೆ ಒಲೆ ಹಾಕಿದ್ರು, 2002ರಲ್ಲಿ ಯೋಜನೆ ನಿಲ್ಲಿಸಿದ್ರು. ಒಲೆ ಕೂಡಿಸಿದ ಲೆಕ್ಕ ಇತ್ತು, ಆಮೇಲೆ ನೋಡಿಕೊಳ್ಳೋರು ಇರಲಿಲ್ಲ. ಅಂದಮೇಲೆ ಮೇವು ನಮ್ಮ ಕೈಲಿದ್ದರೆ ಸಾಲದು ಅಂತ ಆಯ್ತಲ್ಲ?

ಅತ್ತೆ: ಆಯ್ತು. ಮೇವೂ ಹತ್ತಿರ ಇರಬೇಕು, ನೋಡಿಕೊಳ್ಳೋ ಕೈಯೂ ಹತ್ತಿರ ಇರಬೇಕು. ನಿನ್ನ ಒಲೆಗೆ ಎರಡೂ ದೂರ.

ಅಳಿಯ: ಮೇವು ಹತ್ತಿರ ತರಬಹುದು. ಕಾಡಿನ ತುಂಬ ಲಂಟಾನ ಹಬ್ಬಿದೆ. ದನಕ್ಕೆ ಮೇವಿಲ್ಲ, ಜಿಂಕೆಗೆ ಹುಲ್ಲಿಲ್ಲ. ಬೆಟ್ಟದ ಸೋಲಿಗರು ಅದೇ ಕಡ್ಡಿಯಲ್ಲಿ ಕುರ್ಚಿ, ಮೇಜು, ಆನೆ ಬೊಂಬೆ ಕಟ್ಟುತ್ತಾರೆ. ಉಳಿದದ್ದನ್ನ ಇಲ್ಲೇ ಪೆಲೆಟ್ ಮಾಡಿದರೆ ಕಾಡೂ ಹಸನಾಗುತ್ತೆ, ನಾಲ್ಕು ಜನಕ್ಕೆ ಕೂಲಿ, ನಿನಗೆ ಮೂಟೆ.

ಅತ್ತೆ: ಮಷೀನಿಗೆ ದುಡ್ಡು ಹಾಕೋರು ಯಾರು? ಕಡಿಯೋಕೆ ಬಿಡೋರು ಯಾರು? ಮೊದಲು ಬೇಸಿಗೇಲಿ ತರಗಿಗೆ ಬೆಂಕಿ ಕೊಡ್ತಿದ್ವಿ, ಅದು ನಿಂತ ಮೇಲೆ ಲಂಟಾನ ಹೆಚ್ಚಾಯ್ತು ಅಂತ ಸೋಲಿಗರು ಎಷ್ಟು ವರ್ಷದಿಂದ ಹೇಳ್ತಾವರೆ. ಕೇಳಿದೋರು ಯಾರು? ಇವತ್ತು ಅದು ಕಸ, ಯಾರಿಗೂ ಬೇಡ. ನೀನು ಅದಕ್ಕೆ ಬೆಲೆ ಕಟ್ಟು. ಬೆಲೆ ಬಂದ ದಿನ ಬೇಲಿ ಬರ್ತದೆ.

ಅಳಿಯ: ನೀನು ಎಲ್ಲದಕ್ಕೂ ಹಿಂಗೇ ಅಂದ್ರೆ ಏನೂ ಆಗೋದಿಲ್ಲ.

ಅತ್ತೆ: ಹಂಗಲ್ಲ ಕಣ್ಲಾ. ದೂರದ ಮಾತು ಬುಡು, ಕಣ್ಣ ಮುಂದಿನದ್ದು ನೋಡು. ಜೋಳ ಬಿಡಿಸಿದ ಮೇಲೆ ಬೆಂಡು ಹೊಲ ಹೊಲದಲ್ಲಿ ರಾಶಿ ಬೀಳ್ತದೆ. ಅದನ್ನ ಇದರೊಳಗೆ ಹಾಕಿದ್ರೆ ಉರೀತದಾ ಇಲ್ವಾ? ನೀನು ಓದಿದೋನು, ಇದನ್ನ ಹೇಳು.

ಅಳಿಯ: ಸಣ್ಣಗೆ ಕತ್ತರಿಸಿ, ಚೆನ್ನಾಗಿ ಒಣಗಿಸಿದರೆ ಉರಿಯಬೇಕು. ಆದರೆ ಬೆಂಡು ಹಗುರ, ಅಷ್ಟೇ ಜಾಗದಲ್ಲಿ ಕಾವು ಕಮ್ಮಿ. ಮತ್ತೆ ಮತ್ತೆ ತುಂಬ್ತಾ ಇರಬೇಕು, ಗಾಳಿ ತಿರುಗಣೆಯನ್ನೂ ಬೇರೆ ಅಳತೆಗೆ ಇಡಬೇಕು. ಅರ್ಧ ಬೆಂಡು, ಅರ್ಧ ಪೆಲೆಟ್ ಹಾಕಿ ನೋಡೋಣ. ಆದರೆ ಅದು ಮಾಡಿದ್ರೆ ಒಲೆ ಕೊಟ್ಟೋರು ಗ್ಯಾರಂಟಿ ಇಲ್ಲ ಅಂತಾರೆ.

ಅತ್ತೆ: ಫೋನು ಎತ್ತದೋರ ಗ್ಯಾರಂಟಿ ಇದ್ರೇನು, ಹೋದ್ರೇನು?

ಅಷ್ಟರಲ್ಲಿ ಎಸರು ಸದ್ದು ಮಾಡಿ ಮರಳಿತು. ಅತ್ತೆ ಹಿಟ್ಟು ಸುರಿದು, ಅಳಿಯನನ್ನು ಪಾತ್ರೆ ಹಿಡಿಯಲು ನಿಲ್ಲಿಸಿ, ಕೋಲು ಕೈಗೆತ್ತಿಕೊಂಡಳು. ಮಾತು ಅಲ್ಲಿಗೆ ನಿಲ್ಲಲಿಲ್ಲ.

ಅಳಿಯ: ಈಗ ಮರಳ್ತಲ್ಲ? ಆ ಮೂಲೆಯ ಮಣ್ಣೊಲೆ ಒಡೆದುಬಿಡು. ಅಲ್ಲಿ ಒಂದು ಹಲಗೆ ಹೊಡೆದು ಮೂಟೆಗಳನ್ನ ನೆಲದಿಂದ ಎತ್ತರಕ್ಕೆ ಇಡೋಣ.

ಅತ್ತೆ: ಹಲಗೆ ಬೇರೆ ಕಡೆ ಹೊಡಿ. ಮಣ್ಣೊಲೆ ಇರಲಿ.

ಅಳಿಯ: ಅದಿರೋವರೆಗೂ ನೀನು ಇದನ್ನ ಕಲಿಯೋದಿಲ್ಲ ಅತ್ತೆ. ಉರಿ ಸ್ವಲ್ಪ ಕಮ್ಮಿಯಾದರೆ ಆ ಕಡೆ ತಿರುಗ್ತೀಯ. ಜಾಲರಿ ಕೆದಕೋ ಬದಲು ಸೌದೆ ಹೊತ್ತಿಸ್ತೀಯ. ಹೊಗೆಯೂ ಉಳೀತು, ದುಡ್ಡೂ ಹೋಯ್ತು ಅಂತ ಆಗುತ್ತೆ. ಹೊಸ ಒಲೆ ತಗೊಂಡ ಮನೆಗಳಲ್ಲೆಲ್ಲ ನಡೆಯೋದು ಇದೇ.

ಅತ್ತೆ: ನಿಜ ಇರಬೋದು. ಆದ್ರೆ ಶಿವರಾತ್ರಿ ಜಾತ್ರೆ ಹೊತ್ತಲ್ಲಿ, ಬಾಗಲಲ್ಲಿ ಜನ ನಿಂತಿರೋವಾಗ ಕರೆಂಟು ಹೋಯ್ತು ಅನ್ನು, ಇಲ್ಲ ಈ ಮೋಟರು ಸುಟ್ಟೋಯ್ತು ಅನ್ನು. ‘ಪೀಣ್ಯದಿಂದ ಅಳಿಯ ಬರ್ತಾನೆ, ಕೂತಿರಿ’ ಅಂತ ಎಲೆ ಹಾಕಿ ಕೂಡಿಸಲಾ? ನನಗೆ ಮೂರು ಮಾತು ನಡೆಸಿಕೊಡು. ಒಂದು ಬ್ಯಾಟರಿ. ಒಂದು ಬದಲಿ ಬ್ಲೋವರು, ಇಲ್ಲೇ ಗಲ್ಲಾಪೆಟ್ಟಿಗೆ ಕೆಳಗೆ. ಮೂಟೆ ಇಳಿಸೋ ಮುಂಚೆ ನಾನೇ ನಾಲ್ಕು ಪೆಲೆಟ್ ಮುರಿದು ನೋಡ್ತೀನಿ, ಟಕ್ ಅನ್ನದಿದ್ರೆ ಲಾರಿ ವಾಪಸ್.

ಅಳಿಯ: ಮೂರೂ ಒಪ್ಪಿದೆ. ಬದಲಿಗೆ ನನ್ನದೊಂದು: ಬೇಸಿಗೆವರೆಗೂ ಮಣ್ಣೊಲೆಗೆ ಬೆಂಕಿ ಹಚ್ಚಬಾರದು. ಪ್ರತಿದಿನ ಎಷ್ಟು ಕೆಜಿ ಸುರಿದೆ, ಎಷ್ಟು ಎಸರು ಮರಳ್ತು, ಬರೆದಿಡಬೇಕು.

ಅತ್ತೆ: ಬರೆಯೋಕೆ ನಿನ್ನ ತಂಗಿ ಅವಳೆ. ಹಚ್ಚಬಾರದು ಅಂತ ಭಾಷೆ ಕೊಡಕಿಲ್ಲ. ಬ್ಲೋವರು ರಿಪೇರಿ ಮಾಡೋನು ರಾಮಾಪುರದಲ್ಲಿ ಅಂಗಡಿ ಇಟ್ಟ ದಿನ ಮಣ್ಣೊಲೆನ ನಾನೇ ಒಡೀತೀನಿ.

ಅಳಿಯ: ಇಲ್ಲಿ ಹತ್ತು ಒಲೆ ಇಲ್ಲದೇ ಯಾರು ಬಂದು ಅಂಗಡಿ ಇಡ್ತಾರೆ?

ಅತ್ತೆ: ಹಂಗಾದ್ರೆ ಮೊದಲು ಪಕ್ಕದ ಬೇಕರಿಯೋನಿಗೆ ಒಂದು ಕೊಡಿಸು.

ಅಳಿಯ: ಕೇಳಿಯಾಯ್ತು. ‘ನಿಮ್ಮತ್ತೆ ಮಣ್ಣೊಲೆ ಒಡೀಲಿ, ಆಮೇಲೆ ತಗೊತೀನಿ’ ಅಂದ.